ಕೂಸಿನ ಕೆಂಪಿಗೆ ಸತುವಿನ ಲೇಪ: ಬಳಕೆಯೂ ಎಚ್ಚರಿಕೆಯೂ

ಶ್ರಾವಣ ಮಾಸವೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಮಠಮಂದಿರಗಳಲ್ಲಿ ಪುರಾಣ ಪ್ರವಚನಗಳ ಕಾಲ. ಚಿಕ್ಕ ಕೂಸುಗಳಿರುವ ಮನೆಗಳಲ್ಲಿ ಮಾತ್ರ ಅದು ಒಣಗದ ಬಟ್ಟೆಗಳ ಕಾಲ. ಧಾರವಾಡದ ಜಿಟಿಜಿಟಿ ಮಳೆಯನ್ನು ಕವಿಗಳು ಹೊಗಳಿದ್ದಾರೆ. ಪಡಸಾಲೆಯ ತುಂಬ ಹಗ್ಗ ಕಟ್ಟಿ ಲಂಗೋಟಿಗಳನ್ನು ನೇತುಹಾಕಿದ ತಾಯಂದಿರು ಅದನ್ನು ಹೊಗಳಿದ್ದು ನಾವು ಕೇಳಿಲ್ಲ. ಹೋದ ವರ್ಷದ ಶ್ರಾವಣದಲ್ಲಿ ಪ್ರವಚನ ಮುಗಿಸಿ ನಮ್ಮ ತಂಗಿಯ ಮನೆಗೆ ಹೋದಾಗ, ಎಂಟು ತಿಂಗಳಿನ ಅವಳ ಮೊಮ್ಮಗು ತೊಟ್ಟಿಲಲ್ಲಿ ನಿಲ್ಲದೆ ಅಳುತ್ತಿತ್ತು. ತೊಡೆಸಂದು, ಆಸನಭಾಗವೆಲ್ಲ ಕೆಂಪಡರಿ, ಅದರ ಮೇಲೆ ಬಿಳಿಯ ಪುಡಿ ಮೆತ್ತಿಕೊಂಡಿತ್ತು. ಅದು ವಿಭೂತಿ. ತಂಗಿ ನಮ್ಮ ಮುಖ ನೋಡಿ, “ಅಣ್ಣಾ, ನೀ ಕೊಟ್ಟ ವಿಭೂತೀನ ಹಚ್ಚಾಕತ್ತೇನಿ. ನಾಕು ದಿನಾತು, ಕೆಂಪು ಇಳೀವಲ್ದು. ನನ್ನ ಭಕ್ತ್ಯಾಗ ಏನರ ಕಡಿಮಿ ಆತೇನ?” ಎಂದಳು.

ಆ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ನಮ್ಮದೇ ಆಗಿತ್ತು. ಏಕೆಂದರೆ ವಿಭೂತಿಯನ್ನು ಕೊಡುವಾಗ, ಹಣೆಗಿಷ್ಟು ಹಚ್ಚು, ಮೈ ಕೆಂಪಾದರೂ ಇದನ್ನೇ ಹಚ್ಚು ಎಂದು ಹೇಳಿದವರು ನಾವೇ. ಅವಳೊಬ್ಬಳಿಗೇ ಅಲ್ಲ, ಮೂವತ್ತು ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ಹೀಗೆ ಹೇಳಿದ್ದುಂಟು. ಆದಕಾರಣ ಈ ಲೇಖನವನ್ನು ಪ್ರಾಯಶ್ಚಿತ್ತವೆಂದು ಬರೆಯುತ್ತಿದ್ದೇವೆಂದು ಸದ್ಭಕ್ತ ಓದುಗರು ತಿಳಿದರೂ ಅಡ್ಡಿಯಿಲ್ಲ.

ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗಮಂದಿರವನ್ನು ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದರು. ಅಲ್ಲಿಯ ವಿಭೂತಿ ನಾಡಿಗೆಲ್ಲ ಹೆಸರಾದದ್ದು. ಮಠದಲ್ಲಿ ಓದಿದ ನಮ್ಮಂಥವರಿಗೆ ಗೋಮಯವನ್ನು ಒಣಗಿಸಿ, ಸುಟ್ಟು, ಬೂದಿಯನ್ನು ಸೋಸಿ, ನೀರಿನಲ್ಲಿ ಕಲಸಿ, ಗಟ್ಟಿ ಕಟ್ಟುವ ಆ ಕಾಯಕದ ಮೇಲೆ ಬಾಲ್ಯದಿಂದಲೇ ಪೂಜ್ಯಭಾವ. ಅಷ್ಟಾವರಣಗಳಲ್ಲಿ ವಿಭೂತಿಯೂ ಒಂದು. ಆದರೆ ಭಸ್ಮಧಾರಣೆಯ ಸ್ಥಾನಗಳನ್ನು ಹೇಳುವ ಗ್ರಂಥಗಳು ಹಣೆ, ಕೊರಳು, ತೋಳು, ಎದೆ ಮುಂತಾದವುಗಳನ್ನು ಎಣಿಸುತ್ತವೆಯೇ ಹೊರತು, ಕೂಸಿನ ಹಸಿಯಾದ ತೊಗಲಿಗೆ ಬಳಿಯಬೇಕೆಂದು ನಾವು ಓದಿದ ಯಾವ ಗ್ರಂಥವೂ ಹೇಳಿಲ್ಲ. ಅದು ನಮ್ಮ ಬಾಯಿಂದ ಹುಟ್ಟಿದ ವಿಧಿ. ತಂಗಿಗೆ ನಾವು ಹೇಳಿದ್ದು ಇಷ್ಟೇ: ಭಕ್ತಿಯಲ್ಲಿ ಕಡಿಮೆಯೇನೂ ಇಲ್ಲವ್ವಾ, ಜಾಗ ತಪ್ಪಿತು.

ಜಾಗ ಏಕೆ ತಪ್ಪಿತೆಂಬುದನ್ನು ಮಾರನೆಯ ದಿನ ಮಕ್ಕಳ ವೈದ್ಯರು ನಮಗೆ ತಿಳಿಸಿಕೊಟ್ಟರು. ಮನುಷ್ಯನ ತೊಗಲು ಸಹಜವಾಗಿ ತುಸು ಹುಳಿ ಗುಣದ್ದು, ಅಂದರೆ ಆಮ್ಲದ ಕಡೆಗೆ ವಾಲಿದ್ದು. ಆ ಹುಳಿಯೇ ಅದರ ಕಾವಲು. ಕೂಸು ಉಚ್ಚೆ ಹೊಯ್ದ ಬಟ್ಟೆಯಲ್ಲಿ ಬಹಳ ಹೊತ್ತು ಮಲಗಿದರೆ ಮೊದಲು ತೊಗಲು ನೆನೆದು ಮೆತ್ತಗಾಗುತ್ತದೆ. ನೆನೆದ ತೊಗಲು ಬಟ್ಟೆಯ ಉಜ್ಜಾಟಕ್ಕೆ ಬೇಗ ಸವೆಯುತ್ತದೆ. ಜೊತೆಗೆ ಮಲದಲ್ಲಿರುವ ಸೂಕ್ಷ್ಮಜೀವಿಗಳು ಮೂತ್ರದಲ್ಲಿನ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಹಳೆಯ ಲಂಗೋಟಿಯನ್ನು ಮೂಸಿದರೆ ಕಣ್ಣಿಗೆ ಹೊಡೆಯುವ ವಾಸನೆ ಅದರದೇ. ಅಮೋನಿಯಾ ಕ್ಷಾರ. ಕ್ಷಾರ ಹೆಚ್ಚಿದಂತೆ ಮಲದಲ್ಲಿರುವ ಜೀರ್ಣರಸದ ಕಿಣ್ವಗಳು ಚುರುಕಾಗಿ, ಹೊಟ್ಟೆಯಲ್ಲಿ ಅನ್ನವನ್ನು ಕರಗಿಸುವಂತೆ ಹೊರಗೆ ತೊಗಲನ್ನೇ ಕರಗಿಸತೊಡಗುತ್ತವೆ. ಬೂದಿಯೂ ಕ್ಷಾರ ಗುಣದ್ದು. ಹಿಂದಿನವರು ಬೂದಿಯಿಂದ ಪಾತ್ರೆ ಬೆಳಗಿದ್ದು, ಬಟ್ಟೆ ಒಗೆದದ್ದು ಆ ಗುಣದಿಂದಲೇ. ಹಸಿ ತೊಗಲ ಮೇಲೆ ಅದು ಉರಿಗೆ ಉರಿಯನ್ನೇ ಕೂಡಿಸುತ್ತದೆ. ಒಣಗಿದಾಗ ಹರಳುಗಟ್ಟಿ ತಿಕ್ಕುತ್ತದೆ. ಪೇಟೆಯಲ್ಲಿ ಸಿಗುವ ಕೆಲವು ಗಟ್ಟಿಗಳಲ್ಲಿ ಸುಣ್ಣಕಲ್ಲಿನ ಪುಡಿ, ಸುಗಂಧಗಳು ಕೂಡಿರುವುದೂ ಉಂಟು. ಅವು ಇನ್ನಷ್ಟು ಕೆಡಕು.

ಆರು ತಿಂಗಳವರೆಗೆ ಬರಿಯ ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ಈ ಕ್ಷಾರ ಕಡಿಮೆ. ಮೇಲಾಹಾರ ಮೊದಲಾದ ಮೇಲೆ, ಸುಮಾರು ಒಂಬತ್ತರಿಂದ ಹನ್ನೆರಡನೆಯ ತಿಂಗಳಿನಲ್ಲಿ ಕೆಂಪಾಗುವುದು ಹೆಚ್ಚು. ಭೇದಿ ಹತ್ತಿದಾಗ, ಆಂಟಿಬಯಾಟಿಕ್ ಔಷಧ ಕೊಟ್ಟಾಗ ಇನ್ನೂ ಹೆಚ್ಚು.

ಇನ್ನು ನಮ್ಮ ವಿಷಯಕ್ಕೆ ಬರೋಣ. ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಜಿಂಕ್ ಆಕ್ಸೈಡ್ ಎಂದಿತ್ತು. ಜಿಂಕ್ ಎಂದರೆ ಸತು. ಸಂಸ್ಕೃತದಲ್ಲಿ ಯಶದ, ಜಸದ. ಸತುವನ್ನು ಗಾಳಿಯಲ್ಲಿ ಉರಿಸಿದರೆ ಹತ್ತಿಯ ಅರಳೆಯಂಥ ಬಿಳಿಯ ಬೂದಿ ಹಾರುತ್ತದೆ. ಅದೇ ಜಿಂಕ್ ಆಕ್ಸೈಡ್. ಅಂದಮೇಲೆ ಇದೂ ಒಂದು ಭಸ್ಮವೇ! ಯುರೋಪಿನ ಹಳೆಯ ರಸವಾದಿಗಳು ಅದನ್ನು ತತ್ತ್ವಜ್ಞಾನಿಗಳ ಉಣ್ಣೆ ಎಂದು ಕರೆದರು. ಸತುವನ್ನು ಅದಿರಿನಿಂದ ಬೇರ್ಪಡಿಸುವುದು ಸುಲಭವಲ್ಲ. 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕುದಿದು ಆವಿಯಾಗಿ ಹಾರಿಹೋಗುತ್ತದೆ. ಆ ಆವಿಯನ್ನು ಮಣ್ಣಿನ ಮೂಸೆಗಳಲ್ಲಿ ಹಿಡಿದು ತಂಪಾಗಿಸುವ ವಿದ್ಯೆಯನ್ನು ರಾಜಸ್ಥಾನದ ಉದಯಪುರದ ಹತ್ತಿರದ ಜಾವರಿನ ಜನ ಯುರೋಪಿಗಿಂತ ಶತಮಾನಗಳ ಮೊದಲೇ ಸಾಧಿಸಿದ್ದರು. ನಮ್ಮ ರಸಶಾಸ್ತ್ರದ ಗ್ರಂಥಗಳಲ್ಲಿಯೂ ಈ ಕ್ರಮದ ವರ್ಣನೆಯಿದೆ. ಇದನ್ನು ಹೇಳಿದ್ದು ಹೆಮ್ಮೆಗಾಗಿ ಮಾತ್ರ. ಆಯುರ್ವೇದದ ಅಂಗಡಿಯಿಂದ ಯಶದ ಭಸ್ಮವನ್ನು ತಂದು ಮನೆಯಲ್ಲಿ ಎಣ್ಣೆಗೆ ಕಲಸಿ ಕೂಸಿಗೆ ಹಚ್ಚುವ ಸಾಹಸವನ್ನು ಯಾರೂ ಮಾಡಬಾರದು. ಅದು ಹೊಟ್ಟೆಗೆ ಕೊಡುವ ಔಷಧ, ಅದರ ಪ್ರಮಾಣ ವೈದ್ಯನಿಗೆ ಗೊತ್ತು. ಸಣ್ಣ ಪುಡಿಯನ್ನು ತೆರೆದಾಡಿಸುವುದು ಕೂಸಿನ ಉಸಿರಿಗೂ ಒಳ್ಳೆಯದಲ್ಲ.

ಎರಡು ಭಸ್ಮಗಳಲ್ಲಿ ಭೇದವೆಲ್ಲಿದೆ? ಗೋಮಯದ ಬೂದಿ ನೀರು ತಗುಲಿದೊಡನೆ ತನ್ನ ಕ್ಷಾರವನ್ನು ಬಿಡುತ್ತದೆ. ಸತುವಿನ ಆಕ್ಸೈಡು ನೀರಿನಲ್ಲಿ ಕರಗುವುದೇ ಇಲ್ಲ. ಅದನ್ನು ವ್ಯಾಸಲೀನ್‌ನಂಥ ಜಿಡ್ಡಿನಲ್ಲಿ ನಯವಾಗಿ ಅರೆದು ಸೇರಿಸಿದಾಗ, ತೊಗಲ ಮೇಲೆ ಗೋಡೆಗೆ ಗಾರೆ ಮಾಡಿದಂತೆ ಕುಳಿತು ಉಚ್ಚೆಯನ್ನೂ ಮಲವನ್ನೂ ಹೊರಗೇ ತಡೆಯುತ್ತದೆ. ಒಳಗೆ ತೊಗಲು ತನ್ನನ್ನು ತಾನು ನೇರ್ಪಡಿಸಿಕೊಳ್ಳುತ್ತದೆ. ಮೈಯೊಳಗೆ ಇಳಿಯುವ ಸತುವಿನ ಪ್ರಮಾಣ ತೀರ ಅಲ್ಪ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಸತುವಿನ ಲೇಪ ಕಾವಲುಗಾರನೇ ಹೊರತು ವೈದ್ಯನಲ್ಲ. ಬರಿಯ ತೇವ ಉಜ್ಜಾಟಗಳಿಂದಾದ ಕೆಂಪನ್ನು ಅದು ಇಳಿಸುತ್ತದೆ. ಫಂಗಸ್ ಹತ್ತಿದ್ದರೆ, ಕೀವಾಗಿದ್ದರೆ ಅದನ್ನು ಗುಣಪಡಿಸದು.

ಔಷಧಿ ಅಂಗಡಿಯಲ್ಲಿ ಕೇಳುವಾಗ ಕೊಳವೆಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಕನ್ನಡಕ ಬೇಕಾದರೆ ಹಾಕಿಕೊಂಡು ಓದಬೇಕು; ಅಕ್ಷರ ಇರುವೆಯಷ್ಟು ಸಣ್ಣದಿರುತ್ತದೆ. ಜಿಂಕ್ ಆಕ್ಸೈಡಿನ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 10ರಿಂದ 40ರವರೆಗೆ ಇರುತ್ತದೆ. ದಿನನಿತ್ಯದ ಕಾಪಿಗೆ ಕಡಿಮೆಯದು ಸಾಕು. ಭೇದಿಯಾಗುತ್ತಿರುವಾಗ, ತೊಗಲು ಬಹಳ ಕೆಂಪಾದಾಗ ದಪ್ಪನೆಯ ಪೇಸ್ಟು ಹೆಚ್ಚು ಹೊತ್ತು ನಿಲ್ಲುತ್ತದೆ. ಇಂಗ್ಲೆಂಡಿನ ಔಷಧಕೋಶದಲ್ಲಿ ಸತು ಮತ್ತು ಔಡಲೆಣ್ಣೆಯ ಮುಲಾಮು ಒಂದಿದೆ. ಅದರಲ್ಲಿ ಜಿಂಕ್ ಆಕ್ಸೈಡ್ ನೂರಕ್ಕೆ 7.5 ಮಾತ್ರ, ಅರ್ಧದಷ್ಟು ನಮ್ಮ ಹೊಲದ ಬದುವಿನ ಔಡಲದ ಎಣ್ಣೆಯೇ! ಆದರೆ ಅದರಲ್ಲಿ ಶೇಂಗಾ ಎಣ್ಣೆಯೂ ಕೂಡಿರುವುದರಿಂದ, ಶೇಂಗಾ ಒಗ್ಗದ ಮಕ್ಕಳಿಗೆ ಅದು ಸಲ್ಲದು. ಜರ್ಮನಿಯ ಚರ್ಮವೈದ್ಯ ಓಸ್ಕರ್ ಲಾಸರನ ಹೆಸರಿನ ಸತುವಿನ ಪೇಸ್ಟಿನಲ್ಲಿ ಸ್ಯಾಲಿಸಿಲಿಕ್ ಆಮ್ಲವೂ ಇರುತ್ತದೆ. ದೊಡ್ಡವರಿಗಾಗಿ ಮಾಡಿದ್ದನ್ನು ಕೂಸಿಗೆ ಹಚ್ಚಬಾರದು. ಕರ್ಪೂರ, ಮೆಂಥಾಲ್, ಸುಗಂಧ ಕೂಡಿದ ಯಾವುದೂ ಬೇಡ. ಮನೆಯಲ್ಲಿರುವ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಶನ್‌ನಲ್ಲಿಯೂ ಸತುವಿದೆ, ಬಣ್ಣ ಬಂದದ್ದು ಕಬ್ಬಿಣದಿಂದ. ಆದರೆ ಅದು ನೀರಿನಂಥದ್ದು, ಒಣಗಿ ಉದುರುತ್ತದೆ, ಗೋಡೆಯ ಕೆಲಸ ಮಾಡದು.

ಹಚ್ಚುವ ಕ್ರಮವೂ ಮುಖ್ಯ. ಮೊದಲು ಉಗುರುಬೆಚ್ಚಗಿನ ನೀರು, ಮೆತ್ತನೆಯ ಅರಿವೆಯಿಂದ ತೊಳೆಯಬೇಕು. ಪ್ರತಿ ಸಲ ಸಾಬೂನು ಬೇಡ. ಕಡಲೆಹಿಟ್ಟು, ಅರಿಷಿಣಗಳನ್ನು ಕೆಂಪಾದ ಜಾಗಕ್ಕೆ ತಿಕ್ಕುವುದಂತೂ ಬೇಡವೇ ಬೇಡ. ತೊಳೆದ ಮೇಲೆ ಒರೆಸದೆ, ಅರಿವೆಯನ್ನು ಮೆಲ್ಲಗೆ ಒತ್ತಿ ನೀರು ಹೀರಿಸಬೇಕು; ಬಳಿಕ ಹತ್ತು-ಹದಿನೈದು ನಿಮಿಷ ಕೂಸನ್ನು ಕೌದಿಯ ಮೇಲೆ ಬರಿಮೈಯಲ್ಲಿ ಗಾಳಿಗೆ ಬಿಡಬೇಕು. ಹಿಂದಿನ ಕಾಲದ ಕೂಸುಗಳು ಉಡಿದಾರವೊಂದನ್ನೇ ಉಟ್ಟು ಮನೆ ತುಂಬ ಅಂಬೆಗಾಲಿಟ್ಟವು, ಅವುಗಳಿಗೆ ಈ ಕಾಟ ಕಡಿಮೆಯಿತ್ತು. ತೊಗಲು ಪೂರ್ತಿ ಒಣಗಿದ ಮೇಲೆಯೇ ಲೇಪ. ತೇವದ ಮೇಲೆ ಹಚ್ಚಿದರೆ ಒಳಗಿನ ತೇವಕ್ಕೇ ಬಾಗಿಲು ಹಾಕಿದಂತಾಗುತ್ತದೆ. ತೊಗಲ ಬಣ್ಣ ಕಾಣದಷ್ಟು ದಪ್ಪಗೆ, ರೊಟ್ಟಿಗೆ ಬೆಣ್ಣೆ ಸವರಿದಂತೆ ಹಚ್ಚಬೇಕು, ತಿಕ್ಕಿ ಇಂಗಿಸಬೇಕಾಗಿಲ್ಲ. ಹೆಣ್ಣು ಕೂಸುಗಳಿಗೆ ಹೊರಗಡೆ ಮಾತ್ರ ಹಚ್ಚಬೇಕು.

ತಾಯಂದಿರು ಬಹಳವಾಗಿ ತಪ್ಪುವುದು ಮುಂದಿನ ಸಲ ಬಟ್ಟೆ ಬದಲಿಸುವಾಗ. ಬಿಳಿಯ ಲೇಪ ಸುಲಭವಾಗಿ ಹೋಗದು. ಅದನ್ನು ಪೂರ್ತಿ ತೆಗೆಯಬೇಕೆಂದು ತಿಕ್ಕಿ ತಿಕ್ಕಿ, ಗುಣವಾಗುತ್ತಿದ್ದ ತೊಗಲನ್ನೇ ಸುಲಿಯುತ್ತಾರೆ. ಹಾಗೆ ಮಾಡಬಾರದು. ಮಲ ತಗುಲಿದ ಮೇಲ್ಪದರವನ್ನಷ್ಟೇ ಒರೆಸಿ, ಉಳಿದದ್ದರ ಮೇಲೆಯೇ ಮತ್ತೆ ಹಚ್ಚಬಹುದು. ದಿನಕ್ಕೊಮ್ಮೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಕರಗಿಸಿ ತೆಗೆದು, ಒಳಗಿನ ತೊಗಲನ್ನು ಕಣ್ಣಿಟ್ಟು ನೋಡಬೇಕು. ಏಕೆಂದರೆ ಈ ಲೇಪದ ದೋಷವೂ ಇಲ್ಲಿಯೇ ಇದೆ: ಅದು ಕೆಂಪನ್ನು ಮುಚ್ಚುತ್ತದೆ, ಒಳಗೆ ಹುಣ್ಣು ಬೆಳೆದರೂ ಮೇಲೆ ಬೆಳ್ಳಗೆ ಕಾಣುತ್ತದೆ.

ಲೇಪ ಹಚ್ಚಿದೆವೆಂದು ಬಟ್ಟೆ ಬದಲಿಸುವುದನ್ನು ಮುಂದೂಡಬಾರದು. ಹಗಲಿನಲ್ಲಿ ಎರಡು ಮೂರು ತಾಸಿಗೊಮ್ಮೆಯಾದರೂ, ಮಲವಾದರೆ ಆಗಿಂದಾಗಲೇ ಬದಲಿಸಬೇಕು. ಅಂಗಡಿಯ ಡೈಪರನ್ನು ನಮ್ಮ ವಯಸ್ಸಿನವರು ಬೈಯುವುದುಂಟು. ಅದು ತಾನಾಗಿ ಅಪರಾಧಿಯಲ್ಲ. ನೀರನ್ನು ಚೆನ್ನಾಗಿ ಹೀರುವ ಡೈಪರು ಒದ್ದೆ ಲಂಗೋಟಿಗಿಂತ ತೊಗಲನ್ನು ಒಣಗಿಟ್ಟೀತು. ಆದರೆ ದುಡ್ಡು ಕೊಟ್ಟೆವೆಂದು ಬೆಳಗಿನಿಂದ ಸಂಜೆಯವರೆಗೆ ಒಂದನ್ನೇ ಕಟ್ಟಿದರೆ ಅದೂ ಮೈಗೆ ಮುಳ್ಳೇ. ಹಳೆಯ ಧೋತರದ ಅರಿವೆಯನ್ನು ಬಳಸುವವರಿಗೆ ತೊಂದರೆ ಬೇರೆ. ದಿನವೂ ನಳ ಬಾರದ ಓಣಿಗಳಲ್ಲಿ ತುಂಬಿಟ್ಟ ನೀರನ್ನು ಉಳಿಸಲು ಲಂಗೋಟಿಯನ್ನು ಒಮ್ಮೆಯೇ ಜಾಲಿಸುವುದುಂಟು. ಸಾಬೂನಿನ ಪುಡಿ ನೂಲಿನಲ್ಲಿ ಉಳಿದು, ಕೂಸು ಉಚ್ಚೆ ಹೊಯ್ದಾಗ ತೊಗಲಿಗೆ ಹತ್ತುತ್ತದೆ. ಬೇರೆ ಬಟ್ಟೆಗೆ ನೀರು ಕಡಿಮೆ ಮಾಡಿದರೂ ಕೂಸಿನ ಬಟ್ಟೆಗೆ ಮೂರು ಸಲ ಜಾಲಿಸುವಷ್ಟು ನೀರನ್ನು ಎತ್ತಿಡಬೇಕು. ಮಳೆಗಾಲದಲ್ಲಿ ಒಣಗದ ಅರಿವೆಗೆ ಇಸ್ತ್ರಿಯ ಬಿಸಿ ತೋರಿಸಿದರೆ ಒಳ್ಳೆಯದು.

ಪೌಡರಿನ ಮಾತು. ಬಾಣಂತಿಯ ಕೋಣೆಯಲ್ಲಿ ಪೌಡರಿನ ಡಬ್ಬಿ ಇರಲೇಬೇಕೆಂಬ ಭ್ರಮೆ ನಮ್ಮಲ್ಲಿ ಬೇರೂರಿದೆ. ಹಾರಿದ ಟಾಲ್ಕ್ ಪುಡಿ ಕೂಸಿನ ಪುಪ್ಪುಸಕ್ಕೆ ಸೇರಿದರೆ ಉಸಿರಾಟಕ್ಕೇ ಆಪತ್ತು. ಬೋರಿಕ್ ಪೌಡರಂತೂ ಸುಲಿದ ತೊಗಲಿನಿಂದ ರಕ್ತಕ್ಕೆ ಇಳಿದು ವಿಷವಾಗುತ್ತದೆ. ಅದು ಕೇರಂ ಹಲಗೆಯ ಮೇಲಿರಲಿ, ಕೂಸಿನ ಮೈಮೇಲೆ ಬೇಡ. ಫ್ರಾನ್ಸಿನಲ್ಲಿ 1972ರಲ್ಲಿ ಮಕ್ಕಳ ಟಾಲ್ಕ್ ಪೌಡರೊಂದರಲ್ಲಿ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕ ತಪ್ಪಿನಿಂದ ಅತಿಯಾಗಿ ಬೆರೆತು 36 ಮಕ್ಕಳು ತೀರಿಕೊಂಡವು. ಆ ತಾಯಂದಿರೂ ಪ್ರೀತಿಯಿಂದಲೇ ಹಚ್ಚಿದ್ದರು. ಕೂಸಿನ ತೊಗಲಿಗೆ ಹಚ್ಚಿದ್ದು ಹೊರಗೇ ಉಳಿಯುತ್ತದೆಂಬ ನಂಬಿಕೆ ಎಷ್ಟು ಪೊಳ್ಳೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೂ ನಮ್ಮ ಊರುಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಿನ ಅನಾಹುತ ಮಾಡುತ್ತಿರುವುದು ಪೌಡರೂ ಅಲ್ಲ, ವಿಭೂತಿಯೂ ಅಲ್ಲ. ತಂಗಿಯ ಮನೆಯ ಕಥೆಗೆ ಮರಳೋಣ. ವಿಭೂತಿ ಹಚ್ಚುವುದಕ್ಕೆ ಮೊದಲು ಅವಳ ಮಗ ಅಂಗಡಿಯೊಂದರಿಂದ ಚೀಟಿಯಿಲ್ಲದೆ ಮುಲಾಮೊಂದನ್ನು ತಂದಿದ್ದ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯಿತು, ಮನೆಯವರೆಲ್ಲ ಅಂಗಡಿಯವರನ್ನು ಹೊಗಳಿದರು. ಬಿಟ್ಟ ನಾಲ್ಕನೆಯ ದಿನ ಕೆಂಪು ಇಮ್ಮಡಿಯಾಗಿ ಬಂತು. ಮತ್ತೆ ಹಚ್ಚಿದರು, ಮತ್ತೆ ಇಳಿಯಿತು, ಮತ್ತೆ ಬಂತು. ಆಗ ಅದನ್ನು ಬಿಟ್ಟು ವಿಭೂತಿ ಹಿಡಿದದ್ದು. ವೈದ್ಯರು ಆ ಕೊಳವೆಯನ್ನು ತಿರುವಿ ನೋಡಿ ಸುಮ್ಮನೆ ತಲೆಯಾಡಿಸಿದರು. ಅದು ಮೂರು ಔಷಧಗಳ ಮಿಶ್ರಣ: ಒಂದು ಫಂಗಸ್ಸಿಗೆ, ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಬಲವಾದ ಸ್ಟಿರಾಯ್ಡ್. ಕೆಂಪನ್ನು ಎರಡು ದಿನದಲ್ಲಿ ಅಡಗಿಸಿದ್ದು ಸ್ಟಿರಾಯ್ಡ್. ಅದು ಮೈಯ ಕಾವಲನ್ನೂ ಅಡಗಿಸಿದ್ದರಿಂದ ಒಳಗೆ ಫಂಗಸ್ಸು ಹಬ್ಬಿತು. ಡೈಪರು ಮೇಲೆ ಬಿಗಿದಾಗ ಸ್ಟಿರಾಯ್ಡ್ ತೊಗಲಿನೊಳಗೆ ಇನ್ನಷ್ಟು ಇಳಿಯುತ್ತದೆ; ತೊಗಲು ತೆಳುವಾಗುತ್ತದೆ; ತಿಂಗಳುಗಟ್ಟಲೆ ಹಚ್ಚಿದರೆ ಕೂಸಿನ ಮುಖ ಊದಿ, ಬೆಳವಣಿಗೆಯೇ ಕುಂಠಿತವಾಗಬಹುದು. ಕೊಳವೆಯ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರುಗಳು ಕಂಡರೆ ಅದು ಸ್ಟಿರಾಯ್ಡ್ ಎಂದು ತಿಳಿಯಬೇಕು. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಕಾಯಿದೆ ಪುಸ್ತಕದಲ್ಲಿದೆ, ಕೊಳವೆ ಕೈಗೆ ಸಿಗುತ್ತಲೇ ಇದೆ.

ಫಂಗಸ್ಸನ್ನು ಗುರುತಿಸುವ ಬಗೆಯನ್ನು ವೈದ್ಯರು ತಂಗಿಗೆ ತೋರಿಸಿಕೊಟ್ಟರು. ಬರಿಯ ತೇವದ ಕೆಂಪು ಡೈಪರು ತಗುಲುವ ಉಬ್ಬು ಭಾಗಗಳಲ್ಲಿರುತ್ತದೆ, ತೊಡೆಯ ಮಡಿಕೆಗಳ ಆಳ ಬಿಳಿದಾಗಿಯೇ ಉಳಿಯುತ್ತದೆ. ಕ್ಯಾಂಡಿಡಾ ಎಂಬ ಫಂಗಸ್ಸಾದರೆ ಮಡಿಕೆಗಳೊಳಗೇ ಗಾಢ ಕೆಂಪು ಸೇರಿಕೊಂಡು, ಅಂಚಿನಾಚೆ ಸಾಸಿವೆಯಂಥ ಕೆಂಪು ಚುಕ್ಕೆಗಳು ಚೆಲ್ಲಿರುತ್ತವೆ. ಕೆಲವು ಸಲ ಬಾಯಲ್ಲಿಯೂ ಬಿಳಿಯ ಪದರವಿರುತ್ತದೆ. ಅದಕ್ಕೆ ವೈದ್ಯರು ಕೊಟ್ಟ ಫಂಗಸ್ ಮುಲಾಮನ್ನು ಮೊದಲು ತೆಳ್ಳಗೆ ಹಚ್ಚಿ, ಅದು ಹೀರಿಕೊಂಡ ಮೇಲೆ ಮೇಲ್ಗಡೆ ಸತುವಿನ ಲೇಪ ಹಚ್ಚಬೇಕು. ಮೊದಲೇ ಗೋಡೆ ಕಟ್ಟಿದರೆ ಔಷಧ ಒಳಗೆ ಹೋಗದು.

ಎರಡು ಮೂರು ದಿನ ಸರಿಯಾಗಿ ಲೇಪ ಹಚ್ಚಿದರೂ ಕೆಂಪು ತಗ್ಗದಿದ್ದರೆ, ಗುಳ್ಳೆ, ಕೀವು, ರಕ್ತ ಕಂಡರೆ, ಜ್ವರ ಬಂದರೆ, ಕೂಸು ಹಾಲು ಬಿಟ್ಟರೆ, ಒಂದು ತಿಂಗಳೊಳಗಿನ ಹಸುಗೂಸಾದರೆ, ತಡಮಾಡದೆ ತೋರಿಸಬೇಕು. ಹುಬ್ಬಳ್ಳಿಯಲ್ಲಿ 1957ರಿಂದ ಇರುವ, ಜನ ಕೆಎಂಸಿ, ಕಿಮ್ಸ್ ಎಂದೇ ಕರೆಯುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ, ಚರ್ಮ ವಿಭಾಗ ಎರಡೂ ಇವೆ. ಹಣದ ಅಡಚಣೆಯವರು ಅಂಗಡಿಯ ಕೊಳವೆಗೆ ಕೊಡುವ ದುಡ್ಡಿನಲ್ಲಿ ಅಲ್ಲಿಗೆ ಹೋಗಿ ಬರಬಹುದು. ಅಪರೂಪಕ್ಕೆ, ಬಾಯಿ ಸುತ್ತಲೂ ಆಸನದಲ್ಲಿಯೂ ಒಂದೇ ಬಗೆಯ ಹುಣ್ಣು, ಜೊತೆಗೆ ನಿಲ್ಲದ ಭೇದಿ, ಕೂದಲುದುರುವಿಕೆ ಕಂಡರೆ ಅದು ಮೈಯೊಳಗಿನ ಸತುವಿನ ಕೊರತೆಯ ಚಿಹ್ನೆಯಾಗಿರಬಹುದು. ಅದಕ್ಕೆ ಹೊರಗಿನ ಲೇಪ ಎಷ್ಟು ಹಚ್ಚಿದರೂ ಫಲವಿಲ್ಲ.

ಭೇದಿಯಾದಾಗ ಓ.ಆರ್.ಎಸ್. ಜೊತೆಗೆ ಆಶಾ ಕಾರ್ಯಕರ್ತೆಯರು ಕೊಡುವ ಜಿಂಕ್ ಮಾತ್ರೆಯೂ ಸತುವೇ. ಆರು ತಿಂಗಳ ಮೇಲಿನ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10 ಮಿಲಿಗ್ರಾಂನಂತೆ 14 ದಿನ ಕೊಡುತ್ತಾರೆ. ಇದನ್ನು ಕೇಳಿದ ಒಬ್ಬ ಅಜ್ಜಿ, ಹಾಗಾದರೆ ಮುಲಾಮನ್ನೇ ಒಂದಿಷ್ಟು ನೆಕ್ಕಿಸಿದರೆ ನಡೆಯುತ್ತದೆಯೇ ಎಂದು ನಮ್ಮನ್ನು ಕೇಳಿದರು. ನಡೆಯದು! ಹೊಟ್ಟೆಯ ಸತು ಬೇರೆ, ತೊಗಲ ಸತು ಬೇರೆ. ಕೂಸು ತಾನೇ ಬೆರಳಿಗೆ ಹತ್ತಿದ್ದನ್ನು ತುಸು ನೆಕ್ಕಿದರೆ ಗಾಬರಿಯಾಗಬೇಕಾಗಿಲ್ಲ, ಬಾಯಿ ಒರೆಸಿ ನೋಡಿಕೊಂಡರೆ ಸಾಕು. ಕೊಳವೆಯನ್ನೇ ಹಿಂಡಿ ತಿಂದಿದ್ದರೆ, ವಾಂತಿ ಮಾಡಿಕೊಂಡರೆ, ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಓಡಬೇಕು.

ತಂಗಿಯ ಮೊಮ್ಮಗುವಿನ ಕೆಂಪು ಇಳಿಯಲು ಹತ್ತು ದಿನ ಹಿಡಿಯಿತು. ಮೊನ್ನೆ ಅವಳ ಮನೆಗೆ ಹೋದಾಗ ದೇವರ ಜಗುಲಿಯ ಮೇಲೆ ವಿಭೂತಿಯ ಕರಂಡಕದ ಪಕ್ಕದಲ್ಲಿಯೇ ಸತುವಿನ ಮುಲಾಮಿನ ಕೊಳವೆಯನ್ನು ಇಟ್ಟಿದ್ದಳು. ಕೇಳಿದರೆ, “ಎರಡೂ ಬೂದೀನs ಅಂದಿದ್ದೆಲ್ಲಾ ಅಣ್ಣಾ” ಎಂದು ನಕ್ಕಳು. ಹುಡುಗ ಈಗ ಜಗುಲಿ ಹಿಡಿದು ಎದ್ದು ನಿಲ್ಲುತ್ತಾನೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ಕೊಳವೆಯನ್ನು ತೆಗೆಸಿ ಮಾಡದ ಮೇಲ್ಗೂಡಿನಲ್ಲಿ ಇಡಿಸಿದೆವು. ಅವನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿ ಹೊರಟೆವು.